ಕಿಟಕಿಗೊಂದು ನಿಲುಗಡೆ

“ಕೈ ಕೊಡಿ, ನೀರು ನೋಡ್ಬೇಡಿ, ನನ್ನ ನೋಡಿ,” ಎನ್ನುತ್ತ ಲೈಟಕ್ಕ ಒಬ್ಬೊಬ್ಬರನ್ನೇ ಕಟ್ಟೆಯಿಂದ ಬೋಟಿಗೆ ಇಳಿಸಿಕೊಳ್ಳುತ್ತಿದ್ದಳು. ಅವರು ಅವಳ ಮುಖ ನೋಡುತ್ತಿದ್ದರು, ಅವಳು ಅವರ ಕಾಲು ನೋಡುತ್ತಿದ್ದಳು. ಕಟ್ಟೆಗೂ ಬೋಟಿಗೂ ನಡುವೆ ಒಂದು ಮೊಳದ ಸಂದು. ಅದನ್ನು ದಾಟುವ ಒಂದೇ ಹೆಜ್ಜೆಯಲ್ಲಿ ಯಾರ ಮಂಡಿ ಎಷ್ಟು ಗಟ್ಟಿ ಎಂಬುದು ಗೊತ್ತಾಗಿಬಿಡುತ್ತದೆ. ಜೀನ್ಸ್ ಹಾಕಿದ ನಾಲ್ಕು ಹುಡುಗರು ದುಡುದುಡು ಎಂದು ಹಾರಿದರು. ಕೆಂಪು ಟೋಪಿಯ ಹುಡುಗಿಯೊಬ್ಬಳು ಹೊಸ ಗಂಡನ ಕೈ ಹಿಡಿದು, ಅವನಿಗಿಂತ ಮೊದಲು ದಾಟಿ, ಅವನನ್ನೇ ಎಳೆದುಕೊಂಡಳು. ಒಂದೇ ಆಫೀಸಿನವರಂತೆ ಕಾಣುತ್ತಿದ್ದ ಆರು ಜನ ಹೆಂಗಸರು ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಬಂದರು. ಎಲ್ಲರ ಕಾಲಲ್ಲೂ ಓಡುವ ಬೂಟು. ಹನ್ನೆರಡು ಜನ ಆದರು, ಕೆಲಸಕ್ಕೆ ಬರುವಂಥ ಒಂದು ಕಾಲೂ ಇಲ್ಲವಲ್ಲ ಎಂದು ಲೈಟಕ್ಕ ಮತ್ತೆ ಕಟ್ಟೆಯ ಕಡೆ ನೋಡಿದಳು.

ಹದಿಮೂರನೆಯವರು ಬಂದು ಸಂದಿನ ಮುಂದೆ ನಿಂತರು. ಅರವತ್ತೈದು ದಾಟಿದ ದಪ್ಪ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿಗೆ ಕುತ್ತಿಗೆಯವರೆಗೂ ಗುಂಡಿ. ಎರಡೂ ಪಾದಗಳನ್ನು ಜೋಡಿಸಿಕೊಂಡು, ನೀರಿನ ಜೊತೆ ಏನೋ ಮಾತಾಡಿ ಮುಗಿಸಿದವರ ಹಾಗೆ ಒಂದು ಉಸಿರು ಬಿಟ್ಟು, ಅವಳ ಕೈಮೇಲೆ ಇಡೀ ಭಾರ ಹಾಕಿ ಇಳಿದರು. ಬೋಟು ಒಂದು ಕಡೆಗೆ ವಾಲಿತು. ಲೈಟಕ್ಕನಿಗೆ ಹೋದ ಜೀವ ಬಂತು.

“ಸಿಕ್ರಾ ಇವತ್ತಿನವರು?” ಎಂದು ಎಂಜಿನ್ ಹತ್ತಿರ ಕೂತಿದ್ದ ಮೈದುನ ಮೆಲ್ಲಗೆ ಕೇಳಿದ. ಬೋಟು ಓಡಿಸುವವನು ಅವನೇ.

“ಬಾಯ್ಮುಚ್ಚು,” ಎಂದಳು.

“ನಂಗೇನು ಅತ್ತಿಗೆ. ನಿಮ್ಮ ಅದೃಷ್ಟ, ದಿನಕ್ಕೊಬ್ಬ ದಪ್ಪ ಮನುಷ್ಯನ್ನ ದೇವರು ತೂಗಿ ಕಳಿಸ್ತಾನೆ.”

ಈ ಗುಟ್ಟು ಅವನೊಬ್ಬನಿಗೇ ಗೊತ್ತಿತ್ತು. ದ್ವೀಪದ ದೀಪಸ್ತಂಭಕ್ಕೆ ಜನರನ್ನು ಹತ್ತಿಸಿ ಇಳಿಸುವ ಕೆಲಸಕ್ಕೆ ಅವಳು ಸೇರಿ ಹತ್ತೊಂಬತ್ತು ವರ್ಷ. ಲೈಟಕ್ಕ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ನೂರ ಎಪ್ಪತ್ತೆರಡು ಮೆಟ್ಟಿಲು, ದಿನಕ್ಕೆ ನಾಲ್ಕು ಸಲ. ಬಲಮಂಡಿ ಊದಿಕೊಳ್ಳಲು ಶುರುವಾಗಿ ಎರಡು ವರ್ಷ. ಮೊದಮೊದಲು ಗೋಪುರದ ಮೂರನೇ ಕಿಟಕಿಯ ಹತ್ತಿರ ಒಂದು ನಿಮಿಷ ನಿಲ್ಲುತ್ತಿದ್ದಳು. ಸುಮ್ಮನೆ ನಿಂತರೆ ಜನ ಏನೆಂದುಕೊಳ್ಳುತ್ತಾರೆಂದು ಒಂದು ಕಥೆ ಹೇಳಿದಳು. ಊತ ಹೆಚ್ಚಾದ ಹಾಗೆ ಎರಡನೇ ಕಿಟಕಿಗೂ ಐದನೆಯದಕ್ಕೂ ಕಥೆ ಹುಟ್ಟಿತು. ಈಗ ಏಳು ಕಿಟಕಿಗಳಲ್ಲಿ ಆರಕ್ಕೆ ಕಥೆ ಉಂಟು. ಜನ ಕೆಳಗಿಳಿದು ಬಂದು ಅಭಿಪ್ರಾಯದ ಪುಸ್ತಕದಲ್ಲಿ, ನೋಡಿದ್ದಕ್ಕಿಂತ ಕೇಳಿದ್ದೇ ಚೆನ್ನಾಗಿತ್ತು ಎಂದು ಬರೆದು ಹೋಗುತ್ತಿದ್ದರು. ಅದನ್ನು ಓದಿ ಅವಳಿಗೆ ಒಂದು ಕಡೆ ನಗು, ಇನ್ನೊಂದು ಕಡೆ ಕಸಿವಿಸಿ.

ಕಥೆ ಸಾಲದಾದಾಗ ಇನ್ನೊಂದು ದಾರಿ ಹುಡುಕಿದ್ದಳು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನದವರನ್ನು ಹಿಡಿದು, “ನೀವೆಲ್ಲ ನಡೀರಿ, ನಾನು ಇವರ ಜೊತೆ ಬರ್ತೀನಿ,” ಅನ್ನುವುದು. ತುದಿಯ ಬಾಲ್ಕನಿಯ ಬೀಗದ ಕೀಯನ್ನು ಮುಂದೆ ಹೋಗುವವರಲ್ಲಿ ಯಾರಾದರೂ ಒಬ್ಬರ ಕೈಗೆ ಕೊಟ್ಟುಬಿಡುವುದು. ಕೀ ಗೈಡಿನ ಕೈ ಬಿಡಬಾರದು ಅನ್ನುವುದು ನಿಯಮ. ಮೇಲೆ ಗಾಳಿ ಜೋರು, ಸುತ್ತಲಿನ ಕಂಬಿ ಸೊಂಟದೆತ್ತರ ಮಾತ್ರ. ಹದಿನೈದು ದಿನದ ಹಿಂದೆ ಅವಳು ಕೊನೆಯ ಮೆಟ್ಟಿಲು ಹತ್ತಿ ಬಾಗಿಲಲ್ಲಿ ತಲೆ ಹಾಕಿದಾಗ, ಒಬ್ಬ ಅಪ್ಪ ಮಗಳನ್ನು ಆ ಕಂಬಿಯ ಮೇಲೆ ಕೂರಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದ. ಏನೂ ಆಗಲಿಲ್ಲ. ಮಗು ಇಳಿಯಿತು, ನಕ್ಕಿತು. ಅದನ್ನು ಅವಳು ಮೈದುನನಿಗೂ ಹೇಳಿರಲಿಲ್ಲ.

“ಒಂದು ನಿಮಿಷ, ನಾನೂ ಬರ್ತೀನಿ,” ಎಂದು ಕಟ್ಟೆಯ ಮೇಲಿಂದ ಒಂದು ದನಿ ಬಂತು. ಫೈಲು ಎದೆಗೊತ್ತಿಕೊಂಡು, ಹಿಮ್ಮಡಿ ಎತ್ತರದ ಚಪ್ಪಲಿಯಲ್ಲಿ ಓಡಲೂ ಆಗದೆ ನಡೆಯಲೂ ಆಗದೆ ಬರುತ್ತಿದ್ದವರು ಹೊಸ ಸೂಪರ್‌ವೈಸರ್ ಮೇಡಂ. ಮೂವತ್ತು ದಾಟಿರದ ವಯಸ್ಸು. ಕೆಲಸಕ್ಕೆ ಬಂದು ಒಂದು ತಿಂಗಳು. ಗೋಪುರಕ್ಕೆ ಐವತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು ಎಂಬ ಕಾಗದ ಕಳಿಸಿದ್ದು ಇವರೇ.

ಮೈದುನನ ಮುಖದ ನಗು ಇಳಿಯಿತು. ಲೈಟಕ್ಕ ಕೈ ಚಾಚಿದಳು. “ನೀರು ನೋಡ್ಬೇಡಿ ಮೇಡಂ, ನನ್ನ ನೋಡಿ.”

ದ್ವೀಪಕ್ಕೆ ಹತ್ತುವ ಮೊದಲು ಬೋಟು ಅದನ್ನೊಂದು ಸುತ್ತು ಹಾಕುತ್ತದೆ. ಹಕ್ಕಿಬಂಡೆಯ ಹತ್ತಿರ ಮೈದುನ ಎಂಜಿನ್ ನಿಲ್ಲಿಸಿದ. ಬಂಡೆ ಬೆಳ್ಳಗಿತ್ತು. “ಸುಣ್ಣ ಬಳಿದಿರೋದು ಯಾರು?” ಎಂದು ಹುಡುಗರಲ್ಲೊಬ್ಬ ಕೇಳಿದ. “ಅವೇ ಬಳ್ಕೊಂಡಿರೋದು. ಬಾಯಿ ತೆರೆದು ಮೇಲೆ ನೋಡ್ಬೇಡಿ,” ಎಂದ ಮೈದುನ. ಹೆಂಗಸರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಅಲ್ಲಿಂದ ಮುಂದೆ ಊದುಗವಿ. ಅಲೆ ಒಳಗೆ ಹೋಗಿ ಮೇಲಿನ ತೂತಿನಿಂದ ಉಸ್ಸೆಂದು ಹೊರಬರುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಸಲ ತೋರಿಸಿದ್ದಾಳೋ. ಈಗ ಆ ಸದ್ದು ಬರುವ ಮೊದಲೇ ಅವಳ ಕೈ ತಾನಾಗಿ ಎದ್ದು ಅತ್ತ ತೋರಿಸುತ್ತದೆ. ಸೂಪರ್‌ವೈಸರ್ ಮೇಡಂ ಮಾತ್ರ ಏನನ್ನೂ ನೋಡದೆ, ಬೋಟಿನ ತೂಗಾಟಕ್ಕೆ ಬಿಳಚಿದ ಮುಖವನ್ನು ಮೊಣಕಾಲಿಗೆ ಆನಿಸಿ ಕೂತಿದ್ದರು.

“ಹೋದ ತಿಂಗಳು ಹನ್ನೊಂದು ಗಂಟೆ ಬೋಟು ಇಲ್ಲೇ ಅಲ್ವಾ ನಲವತ್ತು ನಿಮಿಷ ತೇಲಿದ್ದು?” ಎಂದು ತಲೆಯೆತ್ತದೆ ಕೇಳಿದರು.

“ಹೌದು ಮೇಡಂ. ಮೊದಲನೇ ಬೋಟಿನವರು ಇಳಿದು ಬರೋ ತನಕ ದ್ವೀಪದ ಕಟ್ಟೆ ಖಾಲಿ ಆಗಲ್ಲ.”

“ಆರು ಜನ ವಾಂತಿ ಮಾಡ್ಕೊಂಡಿದ್ರು. ಒಬ್ಬರು ಬಸುರಿ. ದೂರು ಬರೆದವರು ಅವರೇ. ಈಗ ಗೊತ್ತಾಗ್ತಿದೆ ನಂಗೆ.” ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸಿದರು. “ಇವತ್ತು ನಾನೇ ಟೈಮ್ ನೋಡ್ತೀನಿ. ಕಥೆ ಎಲ್ಲ ಕೆಳಗೇ ಹೇಳಿ ಮುಗಿಸಿ. ಮೆಟ್ಟಿಲ ಮೇಲೆ ನಿಲ್ಲೋದು ಬೇಡ. ಆಗಲ್ಲ ಅಂದ್ರೆ ಹೇಳ್ಬಿಡಿ, ಬೇರೆಯವರನ್ನ ನೋಡ್ಬೇಕಾಗುತ್ತೆ.”

“ಆಗ್ದೆ ಏನು,” ಎಂದಳು ಲೈಟಕ್ಕ. ದ್ವೀಪದಲ್ಲಿ ಬೇರೆ ಕೆಲಸವೆಂದರೆ ಚಿಪ್ಪಿನ ಅಂಗಡಿ ಮತ್ತು ಶೌಚಾಲಯ. ಎರಡಕ್ಕೂ ಜನ ಇದ್ದರು. ಗೋಪುರ ಬಿಟ್ಟರೆ ಅವಳಿಗೆ ಮನೆಯೇ ಗತಿ.

ಪಕ್ಕದಲ್ಲಿ ಕೂತಿದ್ದ ದಪ್ಪ ಮನುಷ್ಯರು ಇದನ್ನೆಲ್ಲ ಕೇಳಿಸಿಕೊಂಡೂ ಕೇಳಿಸಿಕೊಳ್ಳದವರ ಹಾಗೆ ಸಮುದ್ರ ನೋಡುತ್ತಿದ್ದರು. “ನಾನು ಲಿಫ್ಟ್ ಓಡಿಸ್ತಿದ್ದೆ ಅಮ್ಮ,” ಎಂದು ಯಾರೂ ಕೇಳದಿದ್ದರೂ ಹೇಳಿದರು. “ಮೂವತ್ತೊಂದು ವರ್ಷ. ಹದಿನಾಲ್ಕು ಮಹಡಿ. ಒಂದು ದಿನಾನೂ ಮೆಟ್ಟಿಲು ಹತ್ತಲಿಲ್ಲ ನೋಡಿ. ಒಂದಾದ್ರೂ ಎತ್ತರದ್ದು ನನ್ನ ಕಾಲಲ್ಲೇ ಹತ್ಬೇಕು ಅಂತ ಆಸೆ. ಮಗಳು ಬೈತಾಳೆ. ಸುಳ್ಳು ಹೇಳಿ ಬಂದಿದೀನಿ.”

ದ್ವೀಪದಲ್ಲಿ ಇಳಿದು, ಹಳೇ ಕಾವಲುಗಾರರು ಇರುತ್ತಿದ್ದ ಎರಡು ಕೋಣೆ ತೋರಿಸಿ, ಒಡೆದ ದೊಡ್ಡ ಗಾಜಿನ ಮಸೂರ, ಮಂಜು ಕವಿದಾಗ ಬಾರಿಸುತ್ತಿದ್ದ ಗಂಟೆ, ಮಕ್ಕಳಿಗಾಗಿ ಇಟ್ಟ ತಿಮಿಂಗಿಲದ ಬೆನ್ನೆಲುಬಿನ ತುಂಡು, ಎಲ್ಲ ಆದ ಮೇಲೆ ಗೋಪುರದ ಬುಡಕ್ಕೆ ಬಂದರು. ಲೈಟಕ್ಕ ಗೋಪುರದ ಎತ್ತರ, ಕಟ್ಟಿದ ಕಲ್ಲು, ದೀಪ ಎಷ್ಟು ದೂರಕ್ಕೆ ಕಾಣುತ್ತದೆ ಎಂಬುದನ್ನು ಗಡಿಯಾರದ ಕಡೆ ಒಂದು ಕಣ್ಣಿಟ್ಟು ಹೇಳಿದಳು. ಕಿಟಕಿಗಳ ಕಥೆ ಬುಡದಲ್ಲಿ ನಿಂತು ಬಾಯಿಗೇ ಬರಲಿಲ್ಲ. ಅವು ಮಂಡಿಯಿಂದ ಹುಟ್ಟಿದ್ದವು, ನೆಲದ ಮೇಲೆ ಹೇಗೆ ಬರಬೇಕು.

“ನಡೀರಿ, ನೀವು ಮುಂದೆ,” ಎಂದರು ಮೇಡಂ.

“ಇವರೊಬ್ಬರು ವಯಸ್ಸಾದವರಿದಾರೆ ಮೇಡಂ. ಇಂಥವರನ್ನ ಹಿಂದೆ ಬಿಟ್ಟು ಗೈಡು ಮುಂದೆ ಹೋಗಬಾರ್ದು ಅಂತ ನಿಯಮ ಇದೆ.”

ಅದು ನಿಜವಾದ ನಿಯಮವೇ. ಮೇಡಂ ಫೈಲು ತೆರೆದು, ಮುಚ್ಚಿ, ಲಿಫ್ಟಿನವರ ಹೊಟ್ಟೆಯನ್ನೊಮ್ಮೆ ನೋಡಿದರು. “ಸರಿ. ಆದಷ್ಟು ಬೇಗ ಬನ್ನಿ,” ಎಂದು ಉಳಿದವರ ಜೊತೆ ಹತ್ತಿದರು. ಕೀ ಲೈಟಕ್ಕನ ಸೊಂಟದಲ್ಲೇ ಉಳಿಯಿತು. ಮೇಡಂ ಇರುವಾಗ ಅದನ್ನು ಯಾರ ಕೈಗೆ ಕೊಡುವುದು.

ಬೂಟುಗಳ ಸದ್ದು ಸುರುಳಿ ಸುತ್ತುತ್ತ ಮೇಲೆ ಹೋಯಿತು. ಲೈಟಕ್ಕ ಎಡಗಾಲು ಎತ್ತಿಟ್ಟಳು, ಬಲಗಾಲನ್ನು ಅದೇ ಮೆಟ್ಟಿಲಿಗೆ ಎಳೆದುಕೊಂಡಳು. ಮತ್ತೆ ಎಡಗಾಲು. ಲಿಫ್ಟಿನವರು ಪಕ್ಕದಲ್ಲೇ ಹತ್ತುತ್ತಿದ್ದರು. ಅವರ ಉಸಿರಾಟದ ಸದ್ದಿಗೆ ಕಿವಿ ಕೊಟ್ಟಿದ್ದಳು. ಏದುಸಿರು ಶುರುವಾದ ಕೂಡಲೇ, ಕೂತ್ಕೊಳ್ಳಿ ಯಜಮಾನ್ರೇ, ಅನ್ನಬೇಕು. ಮೊದಲನೇ ಕಿಟಕಿ ಬಂತು, ಏದುಸಿರು ಬರಲಿಲ್ಲ. ಎರಡನೆಯದು ಬಂತು. ಮನುಷ್ಯ ದಪ್ಪಗಿದ್ದರೂ ಎತ್ತಿನ ಎದೆ, ಅಂಗಿ ಕೂಡ ಒದ್ದೆಯಾಗಿಲ್ಲ. ಅವಳಿಗೆ ಹಣೆಯಿಂದ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಇವತ್ತು ಕಾಲು ಓದುವುದರಲ್ಲಿ ಮೊದಲ ಸಲ ಮೋಸಹೋಗಿದ್ದಳು. ಆ ಮನುಷ್ಯ ಸಂದಿನ ಮುಂದೆ ನಿಂತದ್ದು ಮಂಡಿಗೆ ಹೆದರಿ ಅಲ್ಲ, ನೀರಿಗೆ ಹೆದರಿ.

“ಎರಡನೇ ಮಹಡಿ,” ಎಂದು ಲಿಫ್ಟಿನವರು ಕೂಗುವ ರಾಗದಲ್ಲಿ ಮೆಲ್ಲಗೆ ಹೇಳಿ ನಿಂತುಬಿಟ್ಟರು. “ಇಳಿಯೋರು ಇಳೀಬಹುದು. ಇಲ್ಲಿಂದ ಏನಮ್ಮ ಕಾಣುತ್ತೆ?”

“ನಿಲ್ಲೋ ಹಾಗಿಲ್ಲ ಯಜಮಾನ್ರೇ.”

“ನಂಗೆ ದಮ್ಮು.”

“ನಿಮಗೆಲ್ಲಿ ದಮ್ಮು.”

“ಇದೆ ಅಂತ ಹೇಳ್ತಿದೀನಲ್ಲ,” ಎಂದು ಕಿಟಕಿಯ ಕಲ್ಲಿಗೆ ಒರಗಿದರು. “ಎಡಗಾಲೇ ಮೊದಲು ಇಡ್ತೀರಿ, ಪ್ರತಿ ಸಲ. ಲಿಫ್ಟಲ್ಲಿ ನಮಗೆ ಕಾಣೋದು ಜನರ ಬೆನ್ನು, ಇಲ್ಲಾಂದ್ರೆ ಕಾಲು. ಬೇರೆ ಏನು ನೋಡ್ಲಿ ಹೇಳಿ. ಯಾರಿಗೆ ಯಾವ ಕಾಲು ನೋಯುತ್ತೆ ಅಂತ ಹೆಂಡತಿಗಿಂತ ಮೊದಲು ನಂಗೆ ಗೊತ್ತಾಗ್ತಿತ್ತು.”

ಲೈಟಕ್ಕ ಗೋಡೆಗೆ ಬೆನ್ನು ಕೊಟ್ಟು ಬಲಗಾಲನ್ನು ನೆಲದಿಂದ ಚೂರು ಎತ್ತಿ ಹಿಡಿದಳು. ಆಮೇಲೆ ಮೇಕೆಯ ಕಥೆ ಹೇಳಿದಳು. ಹಾಲಿಗೆಂದು ಕಾವಲುಗಾರ ತಂದ ಮೇಕೆ ಇಲ್ಲಿಯವರೆಗೆ ಹತ್ತಿ, ಕಿಟಕಿಯಲ್ಲಿ ಸಮುದ್ರ ನೋಡಿ, ಕೆಳಗೂ ಹೋಗುವುದಿಲ್ಲ ಮೇಲೂ ಹೋಗುವುದಿಲ್ಲ ಎಂದು ನಾಲ್ಕು ದಿನ ಕೂತಿತ್ತು. ಕಾವಲುಗಾರ ಅದನ್ನು ದಾಟಿಕೊಂಡು ಹೋಗಿ ದೀಪ ಹಚ್ಚುತ್ತಿದ್ದ, ದಾಟುವಾಗ ಹಾಲು ಕರೆದುಕೊಳ್ಳುತ್ತಿದ್ದ.

“ನಿಜವಾ?”

“ಮೇಕೆ ನಿಜ,” ಎಂದಳು.

ಮೂರನೇ ಮಹಡಿ ಎಂದು ಮತ್ತೆ ನಿಂತರು. ನಾಲ್ಕನೇ ಮಹಡಿ. ಐದನೆಯದರಲ್ಲಿ ಅವಳು, ಒಂದು ವರ್ಷ ಮಾತು ಬಿಟ್ಟಿದ್ದ ಇಬ್ಬರು ಕಾವಲುಗಾರರು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದು ಜಗಳ ಮುಂದುವರಿಸಿದ್ದನ್ನು ಹೇಳುವಾಗ, ಲಿಫ್ಟಿನವರು ನಕ್ಕು, ಸುಣ್ಣ ಬಳಿದ ಗೋಡೆಯನ್ನು ಬೆರಳಿಂದ ಮುಟ್ಟಿ ನೋಡಿದರು.

“ಕೊನೇ ಎರಡು ವರ್ಷ ಬಟನ್ ಲಿಫ್ಟ್ ಹಾಕಿದ್ರು,” ಎಂದರು ಆಮೇಲೆ. “ನನ್ನ ಸ್ಟೂಲು ಹಾಗೇ ಬಿಟ್ಟಿದ್ರು. ಜನ ಬರೋರು, ಒಂಬತ್ತು ಅನ್ನೋರು, ನಾನು ಒಂಬತ್ತು ಒತ್ತೋದು. ಅವರಿಗೂ ಕೈ ಇತ್ತು. ಇವನ್ಯಾಕೆ ಒತ್ಬೇಕು ಅಂತ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಕೊಳ್ಳಲಿಲ್ಲ. ದಿನಾ ಸಂಜೆ ಮನೆಗೆ ಹೋಗೋವಾಗ ಎಷ್ಟು ಸುಸ್ತು ಅಂತೀರಿ. ಕೆಲಸ ಮಾಡಿದ ಸುಸ್ತಲ್ಲ ಅದು.”

ಮೇಲಿಂದ ದನಿಗಳು ಸುರುಳಿ ಇಳಿದು ಬಂದವು. “ಬೀಗ ಹಾಕಿದೆಯಲ್ಲ.” “ಕೀ ಯಾರ ಹತ್ರ ಇದೆ?” “ತಳ್ಬೇಡ್ರೇ, ಜಾಗ ಇಲ್ಲ.” ಕೊನೆಯ ಸುತ್ತಿನ ಮೆಟ್ಟಿಲು ಇಬ್ಬರಿಗೂ ಸಾಲದಷ್ಟು ಕಿರಿದು. ಅದರಲ್ಲಿ ಹದಿಮೂರು ಜನ ಒಬ್ಬರ ಬೆನ್ನಿಗೊಬ್ಬರು ನಿಂತಿರುವುದನ್ನು ಲೈಟಕ್ಕ ಕಣ್ಣಿಂದ ನೋಡಿದಷ್ಟು ಸ್ಪಷ್ಟವಾಗಿ ಕಂಡಳು. ಆಗ ಕೆಂಪು ಟೋಪಿಯ ಹುಡುಗಿಯ ದನಿ, ಏನೂ ಕಪಟವಿಲ್ಲದ ತೆಳ್ಳನೆಯ ದನಿ, ಕೇಳಿಸಿತು. “ಹೋದ ವರ್ಷ ಕಾಲೇಜಿಂದ ಬಂದಾಗ ಕೀ ನನ್ನ ಕೈಗೇ ಕೊಟ್ಟಿದ್ರು ಗೈಡ್ ಆಂಟಿ. ನಾವೇ ಬೀಗ ತೆಗ್ದಿದ್ವಿ. ಈ ಸಲ ಯಾಕೋ ಕೊಡ್ಲಿಲ್ಲ.”

ಮೇಲೆ ಫೈಲು ತೆರೆದ ಸದ್ದಾಯಿತು.

ಲಿಫ್ಟಿನವರು ಅವಳ ಮುಖ ನೋಡಿದರು. “ತಡ ಆಗಿದ್ದು ನನ್ನಿಂದ ಅಂತ ಹೇಳ್ತೀನಿ. ನಂದೇನು ಹೋಗುತ್ತೆ. ಕೀ ವಿಷಯ ಮಾತ್ರ ನಂಗೆ ಗೊತ್ತಾಗಲ್ಲಮ್ಮ.”

ಏಳನೇ ಕಿಟಕಿಗೆ ಕಥೆ ಇರಲಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಅವಳಿಗೆ ಮಾತಾಡುವ ಉಸಿರು ಉಳಿದಿರುತ್ತಿರಲಿಲ್ಲ. ಹಾಗಾಗಿ, ಇಲ್ಲಿ ಮಾತಿಲ್ಲ, ಗಾಳಿ ಕೇಳಿ, ಎಂದು ಬೆರಳನ್ನು ತುಟಿಗಿಡುತ್ತಿದ್ದಳು. ಜನ ಎಷ್ಟು ಭಕ್ತಿಯಿಂದ ಕಿವಿಗೊಡುತ್ತಿದ್ದರೆಂದರೆ ಅವಳಿಗೇ ನಾಚಿಕೆಯಾಗುತ್ತಿತ್ತು. ಇವತ್ತು ಅಲ್ಲಿ ಇಬ್ಬರೇ ನಿಂತರು. ನಿಂತು ಮುಂದೆ ಹೋದರು.

ಗೋಡೆಗೆ ಒತ್ತಿಕೊಂಡವರ ಸಂದಿನಲ್ಲಿ ನುಸುಳಿ ಬೀಗ ತೆಗೆದಳು. ಗಾಳಿ ಬಾಗಿಲನ್ನು ಕಿತ್ತುಕೊಂಡಿತು. ಎಲ್ಲರೂ ಹೊರಗೆ ಹೋಗಿ, ಕೂದಲು ಸೀರೆ ಟೋಪಿ ಹಿಡಿದುಕೊಂಡು, ಮೊಬೈಲು ಎತ್ತಿದರು. ಕೆಳಗೆ ಹಕ್ಕಿಬಂಡೆ, ಚಿಪ್ಪಿನ ದಂಡೆ, ಕಟ್ಟೆಯಲ್ಲಿ ಕಾಯುತ್ತಿರುವ ಮೈದುನನ ಬೋಟು, ಅದರಾಚೆ ನೀರಿನಲ್ಲಿ ತೇಲುತ್ತಿದ್ದ ಹನ್ನೊಂದರ ಬೋಟು. ಒಬ್ಬ ಹುಡುಗ ಕಂಬಿಗೆ ಬೆನ್ನು ಕೊಟ್ಟು ಹಿಂದಕ್ಕೆ ಬಾಗಿದ. “ಏಯ್, ಈಚೆ ಬಾ,” ಎಂದು ಲೈಟಕ್ಕ ಗದರಿದ ದನಿಗೆ ಅವನು ಬೆಚ್ಚಿ ನೆಟ್ಟಗೆ ನಿಂತ.

“ತಡ ಆಗಿದ್ದು ನನ್ನಿಂದ ಮೇಡಂ. ದಮ್ಮು,” ಎಂದರು ಲಿಫ್ಟಿನವರು, ಒಂದು ಸಲ ಕೆಮ್ಮಿ.

ಮೇಡಂ ಅದನ್ನು ಬರೆದುಕೊಂಡರು. ಪೆನ್ನನ್ನು ಕಾಗದದಿಂದ ಎತ್ತದೆ ಕೇಳಿದರು. “ಕೀ ಪ್ರವಾಸಿಗರ ಕೈಗೆ ಕೊಡ್ತಿದ್ರಾ?”

ಇಲ್ಲ ಅನ್ನಬಹುದಿತ್ತು. ಆ ಹುಡುಗಿಗೆ ಯಾವ ಗೋಪುರವೋ ಯಾವ ವರ್ಷವೋ ಅನ್ನಬಹುದಿತ್ತು. ಲೈಟಕ್ಕ ಕಂಬಿಯ ಕಡೆ ನೋಡಿದಳು. ಹದಿನೈದು ದಿನದ ಹಿಂದೆ ಮಗು ಕೂತಿದ್ದ ಜಾಗದಲ್ಲಿ ಈಗ ಹೆಂಗಸೊಬ್ಬಳು ಕೈಚೀಲ ಇಟ್ಟಿದ್ದಳು. ಗಾಳಿಗೆ ಅದರ ಬಾರು ಹಾರಾಡುತ್ತಿತ್ತು.

“ಕೊಡ್ತಿದ್ದೆ,” ಎಂದಳು.

“ಯಾಕೆ?”

“ಮಂಡಿ.”

ಇನ್ನೇನೋ ಸೇರಿಸಲು ಬಾಯಿ ತೆರೆದಳು. ಆದರೆ ಎರಡು ವರ್ಷದ್ದೆಲ್ಲ ಆ ಒಂದು ಮಾತಲ್ಲೇ ಮುಗಿದುಹೋಗಿತ್ತು. ಬಾಗಿಲ ಹೊಸ್ತಿಲ ಮೇಲೆ ಕೂತಳು. ಪ್ರವಾಸಿಗರ ಎದುರು ಅವಳು ಕೂತದ್ದು ಅದೇ ಮೊದಲು. ಮೇಡಂ ಅವಳ ಪಕ್ಕದಲ್ಲಿ ಗೋಡೆ ಹಿಡಿದು, ಒಂದು ಚಪ್ಪಲಿ ಕಳಚಿ, ಗುಳ್ಳೆಯೆದ್ದ ಹಿಮ್ಮಡಿಯನ್ನು ನೋಡಿಕೊಂಡರು. ಫೈಲು ಕಂಕುಳಲ್ಲಿ ಒದ್ದಾಡುತ್ತಿತ್ತು.

“ನಾನು ಇದನ್ನ ಬರೀಲೇಬೇಕು,” ಎಂದರು.

“ಬರೀರಿ.”

“ಇದು ಎಷ್ಟನೇ ಮಹಡಿ ಆಗುತ್ತಮ್ಮ?” ಎಂದು ಲಿಫ್ಟಿನವರು ಕಂಬಿ ಹಿಡಿದು, ಬೆನ್ನು ತಿರುಗಿಸದೆ ಕೇಳಿದರು.

“ಹತ್ತು ಹನ್ನೊಂದು ಆಗ್ಬಹುದು.”

“ಕಮ್ಮಿನೇ ಆಯ್ತು. ನಾನು ಹದಿನಾಲ್ಕಕ್ಕೆ ದಿನಕ್ಕೆ ಅರವತ್ತು ಸಲ ಹೋಗಿದೀನಿ.” ಮುಖವನ್ನು ಗಾಳಿಗೆ ಒಡ್ಡಿ, “ಅದಕ್ಕೆ ಕಿಟಕಿ ಇರ್ಲಿಲ್ಲ,” ಎಂದರು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಪ್ರವಾಸಿಗರು ಇಳಿದು ಹೋದ ಮೇಲೆ ಮೇಡಂ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಒಂದು ಮೆಟ್ಟಿಲು ಮುಂದೆ, ಲಿಫ್ಟಿನವರು ಒಂದು ಮೆಟ್ಟಿಲು ಹಿಂದೆ, ನಡುವೆ ಲೈಟಕ್ಕ. ಈಗ ಬಲಗಾಲು ಮೊದಲು. ಆರನೇ ಕಿಟಕಿಯಲ್ಲಿ ಮೇಡಂ ನಿಂತರು. ಕಾಲು ನೋವಿಗೋ ಏನೋ, ಹೊರಗೆ ನೋಡುತ್ತ, “ಇಲ್ಲಿ ಏನು ಹೇಳ್ತಿದ್ರಿ?” ಎಂದು ಕೇಳಿದರು. ಲೈಟಕ್ಕ ಹೇಳಿದಳು. ಐದರಲ್ಲೂ ಕೇಳಿದರು. ಮೂರನೆಯದರಲ್ಲಿ, ಉಪ್ಪು ಮುಗಿದಾಗ ಗಂಡನ ಅಂಗಿ, ಎಣ್ಣೆ ಮುಗಿದಾಗ ತನ್ನ ರವಿಕೆ ಒಣಹಾಕಿ ದಡಕ್ಕೆ ಸುದ್ದಿ ಕಳಿಸುತ್ತಿದ್ದ ಕಾವಲುಗಾರನ ಹೆಂಡತಿಯ ಕಥೆ ಕೇಳಿ, “ಎರಡೂ ಮುಗಿದ್ರೆ?” ಎಂದರು. “ಆ ದಿನ ಬಟ್ಟೇನೇ ಒಗೀತಿರ್ಲಿಲ್ಲ,” ಎಂದಳು ಲೈಟಕ್ಕ. ಮೇಡಂಗೆ ನಗು ಬಂತು, ನುಂಗಿಕೊಂಡರು. ಎರಡನೆಯದರಲ್ಲಿ ಮೇಕೆಯ ಕಥೆಯನ್ನೂ ಕೇಳಿದರು.

ಕೆಳಗೆ ಬಂದಾಗ ಎಂಬತ್ತೊಂದು ನಿಮಿಷ ಆಗಿತ್ತು. ಲಿಫ್ಟಿನವರನ್ನು ಬೋಟಿಗೆ ಇಳಿಸುವಾಗ ಲೈಟಕ್ಕ ಕೈ ಕೊಟ್ಟಳು. ಅವರು ಈ ಸಲ ಭಾರ ಹಾಕದೆ, ನೀರನ್ನೂ ನೋಡದೆ ಇಳಿದರು. ಮೈದುನ ಅತ್ತಿಗೆಯ ಮುಖ ನೋಡಿ ಏನೋ ತಮಾಷೆ ಮಾಡಲು ಹೋದವನು, ಹಗ್ಗ ಬಿಚ್ಚುವ ಕೆಲಸಕ್ಕೆ ತಿರುಗಿಕೊಂಡ. ಅವನ ಬೋಟು ಹೊರಟು ಹನ್ನೊಂದರ ಬೋಟು ಕಟ್ಟೆಗೆ ಬಂದು ತಾಗಿತು. ಅದರಲ್ಲಿ ಹದಿನಾರು ಜನ, ಬಿಳಚಿಕೊಂಡ ಮುಖಗಳು. ಲೈಟಕ್ಕನ ಕಣ್ಣು ಅಭ್ಯಾಸಕ್ಕೆ ಅವರ ಕಾಲುಗಳ ಕಡೆಗೇ ಹೋಯಿತು.

ಮೇಡಂ ಕೈ ಚಾಚಿದರು. “ಕೀ ಕೊಡಿ. ನಿಮ್ಮ ಚಪ್ಪಲೀನೂ ಕೊಡಿ. ಇವತ್ತಿಂದು ನಾನು ಹತ್ತುತ್ತೀನಿ. ನಾಳೆ ಆಫೀಸಿಗೆ ಬನ್ನಿ, ಏನು ಹೇಳ್ತಾರೋ ನೋಡೋಣ. ನನ್ನ ಕೈಲಿ ಏನೂ ಇಲ್ಲ.”

“ದೊಡ್ಡದಾಗುತ್ತೆ ನಿಮಗೆ.”

“ಆಗ್ಲಿ.”

ಸೊಂಟದಿಂದ ಕೀ ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ದಾರ ಹತ್ತೊಂಬತ್ತು ವರ್ಷದ್ದು. ಮೇಡಂ ರಬ್ಬರ್ ಚಪ್ಪಲಿ ಚಟಪಟ ಅನ್ನಿಸುತ್ತ ಹದಿನಾರು ಜನರನ್ನು ಕರೆದುಕೊಂಡು ಗೋಪುರದೊಳಗೆ ಹೋದರು. ಲೈಟಕ್ಕ ಬುಡದ ಕಲ್ಲುಬೆಂಚಿನ ಮೇಲೆ ಬರಿಗಾಲಲ್ಲಿ ಕೂತು, ಬಲಗಾಲನ್ನು ಉದ್ದಕ್ಕೆ ಚಾಚಿ, ಮಂಡಿಯ ಮೇಲೆ ಅಂಗೈ ಇಟ್ಟಳು. ಪಕ್ಕದಲ್ಲಿ ಎತ್ತರದ ಹಿಮ್ಮಡಿಯ ಜೋಡಿ ಚಪ್ಪಲಿ ಬಿಸಿಲಿಗೆ ಬಿದ್ದಿತ್ತು.

ತೆರೆದ ಬಾಗಿಲಿನಿಂದ ಹೆಜ್ಜೆಗಳು ಕೇಳಿಸುತ್ತಿದ್ದವು. ಮೇಲೆ ಹೋದವು, ಎರಡನೆಯದರಲ್ಲಿ ನಿಂತವು. ಒಂದು ದನಿ, ತಡವರಿಸಿ, ಮತ್ತೆ ಮೊದಲಿಂದ ಹಿಡಿದು ಏನೋ ಹೇಳಿತು. ಜನ ನಕ್ಕರು. ಮೇಕೆ, ಎಂದುಕೊಂಡಳು. ಮೂರನೆಯದರಲ್ಲಿ ನಿಂತವು. ಐದರಲ್ಲಿ ತುಂಬ ಹೊತ್ತು ನಿಂತವು. ಆಮೇಲೆ ಹೆಜ್ಜೆಗಳು ಸಣ್ಣದಾಗುತ್ತ, ಸುರುಳಿಯೊಳಗೆ ಇನ್ನೂ ಮೇಲೆ ಹೋಗಿ, ಏಳನೆಯದರಲ್ಲಿ ಪೂರ್ತಿ ನಿಂತುಹೋದವು. ಯಾರೂ ಮಾತಾಡಲಿಲ್ಲ, ನಗಲೂ ಇಲ್ಲ. ಲೈಟಕ್ಕ ಮಂಡಿ ಒತ್ತುತ್ತಿದ್ದ ಕೈಯನ್ನು ನಿಲ್ಲಿಸಿದಳು. ಗೋಪುರದ ಬಾಗಿಲಿನಿಂದ ತಣ್ಣನೆಯ ಗಾಳಿ ಇಳಿದು ಬಂದು ಅವಳ ಬರಿಗಾಲಿಗೆ ತಾಗುತ್ತಿತ್ತು.